ಕಂದಕದ ಆಚೆಯ ಸುತ್ತು

“ಈ ಫೋನಿಗೆ ಏಸು ಕಣ್ಣವೋ?”

ತೆಂಗಿನ ಮರದ ಬುಡದಲ್ಲಿ ನಿಂತು ದೊಡ್ಡಮಾದಮ್ಮ ಕೇಳಿದ್ದು ಯಾರನ್ನೂ ಅಲ್ಲ. ಆದರೆ ಕೋಕೋ ಕಾಯಿ ಒಡೆಯುತ್ತಿದ್ದ ಸೊಸೆ ಶಿವರಂಜನಿಯ ಕಿವಿಗೆ ಬಿತ್ತು. ಏನನ್ನೋ ಮುಚ್ಚಿಟ್ಟವರು ಕೇಳುವ ಮಾತಿದು ಅನ್ನಿಸಿತು.

ಹನೂರಿನಾಚೆಯ ಆ ಕಾಡಂಚಿನ ಊರಲ್ಲಿ ತೆಂಗಿನ ನೆರಳಿಗೆ ಕೋಕೋ ಹಾಕಿದವರೆಲ್ಲ ಸೇರಿ ಸಂಘ ಮಾಡಿಕೊಂಡಿದ್ದರು. ಕಾಡು ಕಡಿದ ನೆಲದ ಬೀಜವನ್ನು ಚಾಕೊಲೇಟ್ ಕಂಪನಿ ಮುಟ್ಟುವುದಿಲ್ಲ. ಕಂಪನಿ ಬಿಟ್ಟರೆ ಈ ಸೀಮೆಯಲ್ಲಿ ಕೋಕೋ ಕೇಳುವವರೂ ಇಲ್ಲ. ಹಾಗಾಗಿ ಪ್ರತಿ ಮನೆಯವರೂ ಫೋನು ಹಿಡಿದು ತಮ್ಮ ತೋಟದ ಗಡಿ ಸುತ್ತಬೇಕು. ನಡೆದ ಹಾದಿಯೇ ನಕ್ಷೆಯಾಗುತ್ತದೆ. ದೊಡ್ಡಮಾದಮ್ಮ ಸುತ್ತಿ ಬಂದ ನಕ್ಷೆಯಲ್ಲಿ ಒಂದು ಮೂಲೆ ಅರಣ್ಯದವರು ತೋಡಿದ ಆನೆ ಕಂದಕ ದಾಟಿ ಕಾಡಿನೊಳಕ್ಕೆ ಉಬ್ಬಿಕೊಂಡಿತ್ತು. ಕಾಡಿಗೆ ಸೇರಿದ ಆ ಭಾಗ ಅಷ್ಟೂ ಕೆಂಪು. ಕೆಂಪು ಹೋಗುವ ತನಕ ಈ ಮನೆಯ ಚೀಲ ಲಾರಿ ಹತ್ತುವಂತಿಲ್ಲ ಎಂದಿದ್ದ ಸಂಘದ ಗುರುಪ್ರಕಾಶ.

ಡೇರಿಯ ಮುಂದೆ ಹಾಲಿನ ಕ್ಯಾನಿಟ್ಟುಕೊಂಡು ನಿಂತವರಿಗೆ ಅಷ್ಟು ಸಾಕಾಯಿತು. ಮುದುಕಿ ಕಂದಕ ಮುಚ್ಚಿದ್ದಾಳಂತೆ, ಮರ ಕಡಿದಿದ್ದಾಳಂತೆ. “ಆನೆ ಜೊತೇಲಿ ಭಾಗ ಮಾಡ್ಕಂಡವ್ಳೆ ಕಣ್ಲಾ,” ಎಂದು ಶಾಂತರಾಜು ನಗಿಸಿದ.

ಶಿವರಂಜನಿಗೆ ನಗು ಬರಲಿಲ್ಲ. ಯಳಂದೂರಿನಿಂದ ಈ ಮನೆಗೆ ಬಂದಾಗಿನಿಂದ ನೋಡುತ್ತಿದ್ದಾಳೆ: ಮಂಗಳವಾರ ಬೆಳಗಾಗುವ ಮುನ್ನ ಅತ್ತೆ ಮಚ್ಚು ಹಿಡಿದು ಕಂದಕದ ಕಡೆ ಹೋಗುತ್ತಾಳೆ. ಕೇಳಿದರೆ ಸೊಪ್ಪಿಗೆ ಅನ್ನುತ್ತಾಳೆ. ಬರುವಾಗ ಕೈಯಲ್ಲಿ ಒಂದೆಲೆ ಸೊಪ್ಪೂ ಇರುವುದಿಲ್ಲ.

ಲಾರಿ ಬರುವ ದಿನ ಗುರುಪ್ರಕಾಶ ಮತ್ತೆ ಬಂದ. ನೀವೇ ಇನ್ನೊಮ್ಮೆ ಸುತ್ತಿ, ನಾನು ಹಿಂದೆ ಬರುತ್ತೇನೆ ಎಂದ. ಅವನ ಕಣ್ಣು ಕಡಿದ ಬುಡಗಳನ್ನೇ ಹುಡುಕುತ್ತಿತ್ತು. ಶಿವರಂಜನಿಯೂ ಹಿಂದೆ ನಡೆದಳು, ಅವಳೂ ಅದನ್ನೇ ಹುಡುಕುತ್ತಾ.

ಕಂದಕದ ಮೂಲೆಗೆ ಬಂದಾಗ ದೊಡ್ಡಮಾದಮ್ಮ ಒಂದು ಗಳಿಗೆ ನಿಂತು ಇಬ್ಬರನ್ನೂ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಮಣ್ಣು ಕುಸಿದ ಕಡೆ ಇಳಿದು ಆಚೆ ಹತ್ತಿದಳು; ಇಬ್ಬರೂ ಹಿಂದೆಯೇ ಹತ್ತಿದರು. ಅಲ್ಲಿ ಮರಗಳೆಲ್ಲ ನಿಂತಿದ್ದವು. ನಡುವೆ ಅರಿಸಿನ ಮೆತ್ತಿದ ಒಂದು ಕಲ್ಲು, ಅದರ ಸುತ್ತ ಮಾತ್ರ ಲಂಟಾನ ಪೊದೆ ಸವರಿದ ಒಂದಿಷ್ಟು ನೆಲ. ಮಚ್ಚಿನ ಕೆಲಸ ಅಷ್ಟೆ. ಮುದುಕಿ ಕಲ್ಲನ್ನು ಬಲಕ್ಕೆ ಮಾಡಿಕೊಂಡು, ಏನೋ ಪದ ಗುನುಗುತ್ತಾ ಸುತ್ತಿದಳು. ಕೈಯಲ್ಲಿ ಫೋನು ಹಾಗೇ ಇತ್ತು.

ಪದ ಹೇಳುವವರ ಮನೆಯಲ್ಲಿ ಕೇಳುತ್ತಲೇ ಬೆಳೆದ ಶಿವರಂಜನಿಗೆ ಆ ಧಾಟಿ ಗೊತ್ತಿತ್ತು: ದೇವರವ್ವನನ್ನು ಕರೆಯುವ ಪದ. ಅವಳ ಕಾಲೂ ಚಪ್ಪಲಿ ಬಿಟ್ಟಿತು.

ಗುರುಪ್ರಕಾಶ ನಿಟ್ಟುಸಿರಿಟ್ಟು ನಕ್ಕ. ಕಾಡು ಕಾಡಾಗೇ ಇದೆ ಅಮ್ಮ, ಇದನ್ನ ಮೊದಲೇ ಹೇಳಬಾರದಿತ್ತಾ ಎಂದ. ಕಂದಕ ದಾಟಬಾರದು ಅಂತ ಫಾರೆಸ್ಟ್ ಗಾರ್ಡು ಗದರಿದ್ದ, ಅದಕ್ಕೇ ಯಾರಿಗೂ ಹೇಳಲಿಲ್ಲ ಎಂದಳು ಮುದುಕಿ. ಈ ಕಲ್ಲೊಂದನ್ನು ಬಿಟ್ಟು ಕಂದಕದ ಈಚೆಯೇ ನಡೆದುಬಿಡಿ, ಕೆಂಪು ಹೋಗುತ್ತದೆ ಎಂದು ಅವನು ಕೈಮುಗಿದ.

“ಕಂದಕ ತೋಡ್ದೋರು ಅವ್ವುನ್ನ ಕೇಳಿ ತೋಡುದ್ರಾ? ಈ ಒಲಕ್ಕೆ ಮೊದ್ಲು ಬಂದೋಳು ಅವ್ಳು. ನಮ್ಮತ್ತೆ ಗಡಿ ತೋರ್ಸಿದ್ದೇ ಇಂಗೆ.”

ರಸ್ತೆಯಲ್ಲಿ ಲಾರಿ ಹಾರನ್ ಹೊಡೆಯಿತು. ನಾನು ನಡೆಯುವ ಹಾಗಿಲ್ಲ, ಮನೆಯವರೇ ನಡೆಯಬೇಕು ಎನ್ನುತ್ತಾ ಅವನು ಮುದುಕಿಯ ಕೈಯಿಂದ ಫೋನು ತೆಗೆದು ಶಿವರಂಜನಿಗೆ ಕೊಟ್ಟ.

“ನೀವಾದ್ರೂ ನಡೀರಿ ಅಕ್ಕ. ನೇರ ಹೋದ್ರೆ ಸಾಕು, ಚೀಲ ಇವತ್ತೇ ಹೋಗ್ತವೆ.”

ದೊಡ್ಡಮಾದಮ್ಮ ಸೊಸೆಯ ಮುಖ ನೋಡಲಿಲ್ಲ. ಅವಳೂ ನಡೆದುಬಿಡುತ್ತಾಳೆ ಎಂದೇ ತಿಳಿದವಳಂತೆ ಕಲ್ಲಿನ ಕಡೆ ತಿರುಗಿ ನಿಂತಳು.

ಶಿವರಂಜನಿ ಫೋನನ್ನು ಅವನ ಅಂಗೈಗೇ ಇಟ್ಟಳು.

“ಅವ್ವುನ್ನ ಆಚೆಗೆ ಬುಟ್ಟು ನಾನು ಗಡಿ ನಡಿಯಾಕಿಲ್ಲ ಸಾ.”