ಹಸಿರು ಬಟ್ಟೆಯ ಮೇಜು ಕಂಡ ಫಕ್ಕೀರೇಶ

ನಾನು ಒಂದು ದುಂಡು ಮೇಜು. ಆರು ಜನ ಆರಾಮಾಗಿ ಕೂತು ಇಸ್ಪೀಟು ಆಡುವಷ್ಟು ಅಗಲ. ನನ್ನನ್ನು ಸಾಗವಾನಿ ಎಂದು ಹೇಳಿ ಮಾರಿದರು, ಅಸಲಿಗೆ ನಾನು ಮತ್ತಿ ಮರ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನನ್ನ ಸುತ್ತ ಕೂತವರು ಕೈಯಲ್ಲಿ ಇಲ್ಲದ ಎಲೆಯನ್ನು ಇದೆ ಎಂದು ತೋರಿಸುವುದರಲ್ಲೇ ಆಯುಷ್ಯ ಕಳೆದರು, ನನಗೆ ಆ ಚಟ ಬೇಡ.

ಗದಗಿನ ಮೌನೇಶ ಬಡಿಗೇರ ನನ್ನನ್ನು ಮಾಡಿದ. ಮಂಚ, ಬಾಗಿಲು ಮಾಡುತ್ತಿದ್ದವನಿಗೆ ಕ್ಲಬ್ಬಿನ ಕೆಲಸ ಸಿಕ್ಕಿದ್ದು ಅದೇ ಮೊದಲು. ಪ್ರತಿ ಕುರ್ಚಿಯ ಎದುರಿಗೂ, ನನ್ನ ಅಂಚಿನ ಕೆಳಗೆ, ಚಹಾದ ಲೋಟ ಇಡಲು ಒಂದೊಂದು ಪುಟ್ಟ ಹಲಗೆ ಕೂಡಿಸಿದ. ಕೂತವರು ಚಹಾಕ್ಕೆಂದೂ ಏಳಬಾರದು ಎಂದು ಕ್ಲಬ್ಬಿನವರು ಹೇಳಿದ್ದರಂತೆ. ಆಮೇಲೆ ಹಸಿರು ಬಟ್ಟೆ ಅಂಟಿಸಿ, ಎತ್ತಿನ ಗಾಡಿಯಲ್ಲಿ ಮಲಗಿಸಿ ಕಳಿಸಿದ. ಹೋಗುವಾಗ ಬೆನ್ನ ಮೇಲೆ ಒಂದು ಪೆಟ್ಟು ಕೊಟ್ಟದ್ದು ಬಿಟ್ಟರೆ ಬೇರೆ ಬೀಳ್ಕೊಡುಗೆ ಇರಲಿಲ್ಲ.

ಕ್ಲಬ್ಬಿನ ಹೆಸರು ಉದಯ ರಿಕ್ರಿಯೇಷನ್ ಕ್ಲಬ್. ಉದಯಕ್ಕೂ ಅದಕ್ಕೂ ಏನು ಸಂಬಂಧವೋ ನನಗೆ ತಿಳಿಯದು, ಬಾಗಿಲು ತೆಗೆಯುತ್ತಿದ್ದದ್ದೇ ಮಧ್ಯಾಹ್ನ. ಮೇಜಿಗೆ ಮನುಷ್ಯರ ಮುಖ ಅಷ್ಟಾಗಿ ಕಾಣುವುದಿಲ್ಲ. ಮೇಲೆ ಕೈ, ಕೆಳಗೆ ಮೊಣಕಾಲು, ಇಷ್ಟೇ ನಮ್ಮ ಪ್ರಪಂಚ. ಸೋಲುವವನ ಕೈ ಸುಮ್ಮನಿರಬಹುದು, ಮೊಣಕಾಲು ಸುಮ್ಮನಿರುವುದಿಲ್ಲ.

ಅಲ್ಲಿ ನನ್ನ ಯೋಗಕ್ಷೇಮ ನೋಡುತ್ತಿದ್ದವನು ಫಕ್ಕೀರೇಶ. ಎಲೆಯ ಕಟ್ಟು ತಂದಿಡುವುದು, ಚಹಾ ಕೊಡುವುದು, ಬೂದಿ ಬಟ್ಟಲು ಖಾಲಿ ಮಾಡುವುದು ಅವನ ಕೆಲಸ. ಕೂಸಿಗೆ ತಲೆ ಬಾಚಿದ ಹಾಗೆ ನನ್ನ ಬಟ್ಟೆಗೆ ಬ್ರಷ್ ಹಾಕುತ್ತಿದ್ದ. ಕೆಲಸಗಾರರು ಆಡಬಾರದು ಎಂದು ಗೋಡೆಯ ಮೇಲೆ ಬರೆಸಿದ್ದರು. ಆದರೆ ಕ್ಲಬ್ಬಿನಲ್ಲಿ ಇನ್ನೊಂದು ರೂಢಿಯೂ ಇತ್ತು. ಆಡುವವರಿಗೆ ಫೋನು ಬಂದರೆ, ಬಚ್ಚಲಿಗೆ ಹೋಗಬೇಕಾದರೆ, ಆಟ ನಿಲ್ಲಬಾರದು. ಹತ್ತಿ ವ್ಯಾಪಾರಿ ಚೆನ್ನವೀರಪ್ಪ ಎದ್ದು ನಿಂತು, "ಫಕೀರ್ಯಾ, ನನ್ನ ಕೈ ಹಿಡಿ ಬಾ" ಅನ್ನುತ್ತಿದ್ದರು. ಫಕ್ಕೀರೇಶ ಅವರ ಕುರ್ಚಿಯ ತುದಿಯಲ್ಲಿ ಕೂತು ಅವರ ಎಲೆ ಆಡುತ್ತಿದ್ದ. ಅದನ್ನು ಯಾರೂ ಆಟ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ, ಚಹಾ ಕೊಟ್ಟ ಹಾಗೆಯೇ ಅದೂ ಒಂದು ಸೇವೆ.

ಅವನು ಆಡಿದಾಗ ಅವರು ಗೆಲ್ಲುತ್ತಿದ್ದರು. "ಇವನ ಕೈಗುಣ ಭಾಳ ಛಲೋ ಐತ್ರಿ" ಎಂದು ಚೆನ್ನವೀರಪ್ಪ ಹೊಗಳುತ್ತಿದ್ದರು. ಫಕ್ಕೀರೇಶ ಅದನ್ನು ನಂಬಿದ. ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಇನ್ನೊಬ್ಬರ ಎಲೆ ಹಿಡಿದಾಗ ಅವನಿಗೆ ಹೆದರಿಕೆ ಇರುತ್ತಿತ್ತು. ಎಲೆ ಸರಿಯಿಲ್ಲ ಅನ್ನಿಸಿದ ಕೂಡಲೇ ಮಗುಚಿ ಇಟ್ಟು ಆ ಆಟ ಬಿಟ್ಟುಬಿಡುತ್ತಿದ್ದ, ನಷ್ಟ ಸ್ವಲ್ಪದಲ್ಲೇ ಮುಗಿಯುತ್ತಿತ್ತು; ಒಳ್ಳೆಯ ಎಲೆ ಬಂದಾಗ ಮಾತ್ರ ಕೊನೆಯವರೆಗೆ ಆಡುತ್ತಿದ್ದ. ಸ್ವಂತ ದುಡ್ಡಿನ ಆಟ ಅಂದಾಗ ಮಾತ್ರ ಆ ಹೆದರಿಕೆ ಎಲ್ಲಿ ಹೋಗುತ್ತಿತ್ತೋ, ಮುಂದಿನ ಎಲೆ ಬಂದೇ ಬರುತ್ತದೆ ಎಂದು ಕಾಯುತ್ತಾ ಕೂರುತ್ತಿದ್ದ.

ಸ್ವಂತದ ಆಟವನ್ನು ಅವನು ಮೊದಲು ರಜೆಯ ದಿನ ಹುಬ್ಬಳ್ಳಿಯ ಕ್ಲಬ್ಬೊಂದರಲ್ಲಿ ಶುರು ಮಾಡಿದ. ಆಮೇಲೆ ಫೋನಿನಲ್ಲೇ ರಮ್ಮಿ ಬಂತು. ಕ್ಲಬ್ಬು ಖಾಲಿ ಇದ್ದಾಗ ಫೋನನ್ನು ಬೂದಿ ಬಟ್ಟಲಿಗೆ ಆನಿಸಿ ನನ್ನ ಮೇಲೆ ಇಟ್ಟುಕೊಳ್ಳುತ್ತಿದ್ದ. ಒಂದು ಕೈಯಲ್ಲಿ ಬ್ರಷ್ ಇರುತ್ತಿತ್ತು, ಅದು ಒಂದೇ ಜಾಗದಲ್ಲಿ ಆಡುತ್ತಿತ್ತು. ಬಟ್ಟೆ ಅಲ್ಲಿ ಸವೆದು ಹೋಯಿತು. ಸಂಬಳ ಮನೆ ಮುಟ್ಟುವುದು ನಿಂತಿದೆ ಎಂದು ಅಡುಗೆಯವರು ಆಡಿಕೊಳ್ಳುತ್ತಿದ್ದರು.

ಒಂದು ಸಂಜೆ ಶಾಲೆಯ ಟೀಚರೊಬ್ಬರು ಅವನ ಮಗಳನ್ನು ಕರೆದುಕೊಂಡು ಕ್ಲಬ್ಬಿನ ಬಾಗಿಲಿಗೆ ಬಂದರು. ಶಾಲೆ ಬಿಟ್ಟು ಎಷ್ಟೋ ಹೊತ್ತಾಗಿತ್ತು, ಹುಡುಗಿ ಗೇಟಿನ ಹತ್ತಿರ ಒಬ್ಬಳೇ ಕೂತಿದ್ದಳಂತೆ. ಕರೆತರಬೇಕಾದವನು ನನ್ನೆದುರಿಗೆ ಫೋನು ಹಿಡಿದು ಕೂತಿದ್ದ. "ಅಪ್ಪಾ, ಆಟ ಮುಗೀತೇನು?" ಎಂದು ಹುಡುಗಿ ಕೇಳಿದಳು. ಬೈದಿದ್ದರೆ ಅವನಿಗೆ ಅಷ್ಟು ನಾಟುತ್ತಿರಲಿಲ್ಲ. ಅವನು ಫೋನನ್ನು ನನ್ನ ಮೇಲೆ ಬೋರಲು ಹಾಕಿ ಎದ್ದ.

ಮರುದಿನ ಅವನ ಹೆಂಡತಿ ಕಸ್ತೂರೆವ್ವ ಬಂದಳು. ಹೆಂಗಸರು ಆ ಕೋಣೆಗೆ ಕಾಲಿಟ್ಟದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕ್ಲಬ್ಬಿನ ಸೆಕ್ರೆಟರಿ ಗುರುಶಾಂತಪ್ಪ ಕುರ್ಚಿ ತೋರಿಸಿದರು, ಅವಳು ಕೂರಲಿಲ್ಲ, ನಿಂತೇ ಗಂಡನ ಆಟದ ವಿಷಯ ಹೇಳಿದಳು.

"ಅಂವಗ ಬುದ್ಧಿ ಹೇಳ್ತೀನಿ ತಂಗೀ. ಕೇಳ್ಲಿಲ್ಲಂದ್ರ ಕೆಲಸದಿಂದ ತಗದ ಹಾಕ್ತೀನಿ" ಅಂದರು ಗುರುಶಾಂತಪ್ಪ.

"ಬುದ್ಧಿ ಐತ್ರೀ ಅವರಿಗೆ. ಕೆಲಸದಿಂದ ತಗೀಬ್ಯಾಡ್ರಿ, ಎಲಿ ಹತ್ರದಿಂದ ತಗೀರಿ" ಅಂದಳು ಕಸ್ತೂರೆವ್ವ. "ದೊಡ್ಡಾಸ್ಪತ್ರಿಗೆ ಕರಕೊಂಡ ಹೋಗಿದ್ದೆ. ಇದು ಒಂದ ಬ್ಯಾನಿ, ಔಷಧದಕಿಂತ ದೂರ ಇರೂದ ಮುಖ್ಯ ಅಂತ ಡಾಕ್ಟರು ಹೇಳ್ಯಾರ. ಫೋನ್ ನಾ ಇಸ್ಕೊಂಡೀನಿ. ದಿನಾ ಎಲಿ ಕೈಯಾಗ ಕೊಟ್ಟು ಆಡಬ್ಯಾಡಾ ಅಂದ್ರ ಹೆಂಗ್ರೀ? ಇನ್ನೊಮ್ಮಿ ಆಡಿದ್ರ ನಾ ಮಗಳನ್ನ ಕರಕೊಂಡು ತವರಿಗೆ ಹೋಗಾಕಿ. ಅವರಿಗೂ ಹೇಳೀನಿ, ನಿಮಗೂ ಹೇಳೀನಿ."

ಗುರುಶಾಂತಪ್ಪ ಕೆಟ್ಟವರೇನಲ್ಲ. ಫಕ್ಕೀರೇಶನನ್ನು ಅಡುಗೆಮನೆಗೆ ಹಾಕಿದರು. ಪ್ರತಿ ಮಂಗಳವಾರ ಆಸ್ಪತ್ರೆಗೆ ಹೋಗಲು ರಜೆ ಕೊಟ್ಟರು. ಅವನು ಮೆಣಸಿನಕಾಯಿ ಭಜಿ ಕರಿಯಲು ಕಲಿತ. ಭಜಿಯ ತಟ್ಟೆಯನ್ನು ಬಾಗಿಲವರೆಗೆ ತಂದು ಬೇರೆಯವರ ಕೈಗೆ ಕೊಡುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಎಲೆ ಕಲಸುವ ಸದ್ದು ಬಂದಾಗ ಬಾಗಿಲಲ್ಲಿ ಅವನ ಕಾಲು ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ತಿರುಗುತ್ತಿತ್ತು. ಹೀಗೇ ಕೆಲವು ತಿಂಗಳು ಕಳೆದವು.

ಆಮೇಲೆ ಆ ಭಾನುವಾರ ಬಂತು. ಹಬ್ಬ ಮುಗಿದ ಮೇಲಿನ ಭಾನುವಾರ, ದೊಡ್ಡ ಆಟ. ನಡುವೆ ಚೆನ್ನವೀರಪ್ಪನವರಿಗೆ ಮಾರುಕಟ್ಟೆಯಿಂದ ಫೋನು ಬಂತು. ಹೊಸ ಹುಡುಗ ಎಲೆ ಹಿಡಿಯಲು ಮುಂದೆ ಬಂದ. ಅವರು ಅವನನ್ನು ಸರಿಸಿ ಅಡುಗೆಮನೆಯ ಕಡೆ ಕೂಗಿದರು: "ಫಕೀರ್ಯಾ, ಬಾರಲೇ. ಇವತ್ತ ನಿನ್ನ ಕೈಗುಣ ಬೇಕು."

ಫಕ್ಕೀರೇಶ ಬಾಗಿಲಿಗೆ ಬಂದು ನಿಂತ. "ಒಲ್ಲೆ ಸಾಹೇಬ್ರ, ಡಾಕ್ಟರು ಬ್ಯಾಡಂದಾರ."

"ನಿನ್ನ ಆಟ ಬ್ಯಾಡಂದಾರಪಾ, ನನ್ನ ಆಟ ಅಲ್ಲ" ಎಂದರು ಚೆನ್ನವೀರಪ್ಪ. ಎಲ್ಲರೂ ನಕ್ಕರು. ಫಕ್ಕೀರೇಶ ಗುರುಶಾಂತಪ್ಪನವರ ಮುಖ ನೋಡಿದ. ಅವರು ದೊಡ್ಡ ಸದಸ್ಯರನ್ನು ಎದುರು ಹಾಕಿಕೊಳ್ಳುವ ಪೈಕಿ ಅಲ್ಲ. "ಹೋಗ್ಲಿ, ಒಂದ ಸಲ" ಅಂದುಬಿಟ್ಟರು.

ಅವನು ಬಂದು ಕೂತ. ಎಲೆ ಹಿಡಿದ. ಹಿಟ್ಟು ಮೆತ್ತಿದ ಬೆರಳು ನನ್ನ ಬಟ್ಟೆಗೆ ತಾಗಿತು. ಅವನ ಮೊಣಕಾಲು ಕುಣಿಯತೊಡಗಿತು. ಎಲೆ ಚೆನ್ನಾಗಿತ್ತು, ಒಂದೇ ಒಂದು ಬಂದರೆ ಆಟ ಮುಗಿಯುತ್ತಿತ್ತು. ಅವನ ಸರದಿ ಬಂತು. ಕೈ ಕಟ್ಟಿನ ಕಡೆ ಹೋಯಿತು, ಅರ್ಧ ದಾರಿಯಲ್ಲಿ ನಿಂತಿತು. ಈ ಮನುಷ್ಯ ಇವತ್ತು ಹೋದ ಎಂದೇ ನಾನು ತಿಳಿದೆ. 

ಅವನು ಎಲೆಗಳನ್ನು ಒಟ್ಟು ಮಾಡಿ ನನ್ನ ಮೇಲೆ ಮಗುಚಿ ಇಟ್ಟ. "ಬಿಟ್ಟೀನ್ರೀ" ಎಂದು ಎದ್ದು ನಿಂತ.

ಫೋನು ಮುಗಿಸಿ ಬಂದ ಚೆನ್ನವೀರಪ್ಪ ಎಲೆ ತಿರುಗಿಸಿ ನೋಡಿದರು. ನೋಡಿದವರು ನನ್ನ ಮೇಲೆ ಗುದ್ದಿದರು. ಇಂಥ ಎಲೆಯನ್ನು ಬೇಕಂತಲೇ ಬಿಟ್ಟವನು ನಂಬಿಕೆಗೆ ಯೋಗ್ಯನಲ್ಲ, ಇವನು ಇದ್ದರೆ ತಾವು ಬರುವುದಿಲ್ಲ ಎಂದರು. ಆವತ್ತೇ ಫಕ್ಕೀರೇಶನ ಕೆಲಸ ಹೋಯಿತು. ಆಡಿ ಗೆದ್ದಿದ್ದರೆ ಭಕ್ಷೀಸು ಸಿಗುತ್ತಿತ್ತು. ಅವನು ಮನೆಗೆ ಹೋಗಿ ಏನು ಹೇಳಿದನೋ, ಅವನು ಎಲೆ ಮುಟ್ಟಿದ ಎಂದು ಕೇಳಿ ಕಸ್ತೂರೆವ್ವ ಏನು ಮಾಡಿದಳೋ, ಕ್ಲಬ್ಬಿನಲ್ಲಿ ಯಾರೂ ವಿಚಾರಿಸಲಿಲ್ಲ.

ಕೆಲವು ದಿನಗಳ ಮೇಲೆ ಕ್ಲಬ್ಬಿಗೆ ಹೊಸ ಮೇಜುಗಳು ಬಂದವು. ಗುರುಶಾಂತಪ್ಪನವರಿಗೆ ಒಳಗೊಳಗೇ ಚುಚ್ಚುತ್ತಿತ್ತೆಂದು ಕಾಣುತ್ತದೆ. ನನ್ನನ್ನು ಟೆಂಪೋಗೆ ಹಾಕಿಸಿ, "ಫಕ್ಕೀರೇಶಿ ಮನಿಗೆ ಇಳಿಸಿ ಬಾ, ಪಾಪ, ಏನಾರ ಉಪಯೋಗ ಆದೀತು" ಅಂದರು. ಆಟ ಬಿಡಲು ಹೆಣಗುತ್ತಿರುವವನಿಗೆ ಆಟದ ಮೇಜನ್ನೇ ಉಡುಗೊರೆ ಕಳಿಸುವ ಬುದ್ಧಿ ಕ್ಲಬ್ಬಿನವರಿಗಲ್ಲದೆ ಇನ್ಯಾರಿಗೆ ಹೊಳೆದೀತು.

ಟೆಂಪೋ ಓಣಿಯಲ್ಲಿ ನಿಂತು ನನ್ನನ್ನು ಕೆಳಗೆ ಇಳಿಸಿದಾಗ ಮೊದಲು ಹೊರಗೆ ಬಂದವಳು ಕಸ್ತೂರೆವ್ವ. ಅವಳನ್ನು ಕಂಡು ನನಗೆ ಸಮಾಧಾನವಾಯಿತು, ತವರಿಗೆ ಹೋಗಿರಲಿಲ್ಲ. ಹಿಂದೆ ಫಕ್ಕೀರೇಶ, ಅವನ ಹಿಂದೆ ಮಗಳು. ಗಂಡ ಹೆಂಡತಿ ಸೇರಿ ಹೋಟೆಲುಗಳಿಗೆ ರೊಟ್ಟಿ ಮಾಡಿ ಕೊಡುತ್ತಿದ್ದರು. ಅವಳು ನನ್ನ ಸುತ್ತ ಒಂದು ಸುತ್ತು ಬಂದಳು.

"ಗಟ್ಟಿ ಐತಿ. ಈ ಬಟ್ಟಿ ಕಿತ್ತ ಒಗದ್ರ ರೊಟ್ಟಿ ಜೋಡಸಾಕ ಆಕ್ಕೈತಲ್ರೀ."

ಫಕ್ಕೀರೇಶ ಕೈ ಚಾಚಿದ. ಬಟ್ಟೆ ಸವೆದ ಜಾಗವನ್ನು ಅವನ ಬೆರಳು ತಾನಾಗಿಯೇ ಹುಡುಕಿಕೊಂಡಿತು, ಅಲ್ಲೇ ಹಿಂದೆ ಮುಂದೆ ಆಡಿತು. ಥಟ್ಟನೆ ಕೈ ಹಿಂದಕ್ಕೆಳೆದುಕೊಂಡ.

"ಬ್ಯಾಡ. ನನಗ ಇನ್ನೂ ಆಡಬೇಕನಸ್ತೈತಿ, ಕಸ್ತೂರಿ. ದಿನಾ ಅನಸ್ತೈತಿ. ಇದು ಮನ್ಯಾಗ ಬ್ಯಾಡ."

ಕಸ್ತೂರೆವ್ವ ಅವನನ್ನೇ ನೋಡಿದಳು. ಸೆರಗು ಸಿಕ್ಕಿಸಿಕೊಂಡು, ಟೆಂಪೋದವನಿಗೆ ಒಂದು ಕಡೆ ಹಿಡಿಯಲು ಹೇಳಿ, ಅವಳೇ ನನ್ನನ್ನು ಮತ್ತೆ ಟೆಂಪೋದ ಒಳಕ್ಕೆ ತಳ್ಳಿದಳು.

ಈಗ ನಾನು ಒಂದು ಗುಜರಿಯ ಮೂಲೆಯಲ್ಲಿದ್ದೇನೆ. ಮೇಲೆ ಹಳೆಯ ಫ್ಯಾನುಗಳನ್ನು ಪೇರಿಸಿದ್ದಾರೆ. ಬೇಡ ಅನ್ನಿಸಿಕೊಂಡದ್ದಕ್ಕೆ ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಒಂದು ಮಾತು. ಸೋತು ಏಳುವಾಗ ನನಗೆ ಬೈದು, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಆಣೆ ಮಾಡಿ ಹೋದವರನ್ನು ಬೇಕಾದಷ್ಟು ನೋಡಿದ್ದೇನೆ. ಮರುದಿನ ಅದೇ ಕುರ್ಚಿಗೆ ಬಂದು ಕೂತಿದ್ದಾರೆ. ಫಕ್ಕೀರೇಶ ಬೈಯಲಿಲ್ಲ, ಆಣೆಯನ್ನೂ ಮಾಡಲಿಲ್ಲ. ಇನ್ನೂ ಆಸೆ ಇದೆ ಎಂದು ಹೆಂಡತಿಯ ಎದುರಿಗೆ ಒಪ್ಪಿಕೊಂಡ, ಅಷ್ಟೇ. ಅವನ ಕೈ ಮತ್ತೆ ನನಗೆ ಸಿಗದಿರಲಿ ಎಂದು ಹಾರೈಸುತ್ತೇನೆ.