ಕನ್ನಡಿಯೊಳಗಿಂದ ಕಲಿತ ಕುಣಿತ

ಬೀದಿಯವರೆಲ್ಲ ಅವನನ್ನು ಕತ್ತರಿ ತಾತ ಎನ್ನುತ್ತಿದ್ದರು. ಎಪ್ಪತ್ತೆರಡಾದರೂ ಕ್ಷೌರದ ಕೈ ನಡುಗಿರಲಿಲ್ಲ. ಆದರೆ ಹೆಂಡತಿ ಹೋದ ಮೂರು ವರ್ಷಗಳಿಂದ ಕಾಲು ಮಾತ್ರ ಮೌನವ್ರತ ಹಿಡಿದಿತ್ತು. ಆ ಭಾನುವಾರ ಮಧ್ಯಾಹ್ನ ಮಗಳು ಅವನ ಹಳೆಯ ಬೂಟಿಗೆ ಪಾಲಿಶ್ ಹಚ್ಚಿ ತಂದು ಮುಂದಿಟ್ಟಳು.

“ಅಪ್ಪಾ, ರೇಡಿಯೋ ಮುಂದೆ ಕೂತು ಬೆರಳು ಕುಟ್ಟಿದ್ದು ಸಾಕು. ಎದುರಿನ ಹಾಲ್‌ನಲ್ಲಿ ಮತ್ತೆ ಸ್ವಿಂಗ್ ಡ್ಯಾನ್ಸ್ ಶುರು ಮಾಡಿದ್ದಾರೆ. ಅದನ್ನ ಕಲಿಸೋ ಟೀಚರಮ್ಮ ಎರಡು ಸಲ ಕರೆದು ಹೋದ್ರು.”

“ನನಗೆ ಬೇರೆಯವರ ಜೊತೆ ಕುಣಿಯೋಕೆ ಬರಲ್ಲ ಕಣೇ. ನಿಂಗೊತ್ತಲ್ಲ.”

“ಗೊತ್ತು. ಸುಮ್ನೆ ಕೂತು ಕೇಳಿಯಾದ್ರೂ ಬಾ.”

ಬರಲ್ಲ ಎಂದದ್ದು ನೆಪವಲ್ಲ. ಇಪ್ಪತ್ತರಲ್ಲಿ ಅವನು ಈ ಕ್ಷೌರದಂಗಡಿಗೆ ಕೆಲಸಕ್ಕೆ ಸೇರಿದಾಗ ರಸ್ತೆಯಾಚೆಯ ಹಾಲ್‌ನ ಬಾಗಿಲು ದಿನವಿಡೀ ತೆರೆದೇ ಇರುತ್ತಿತ್ತು. ಒಳಗೆ ಬ್ಯಾಂಡ್, ಜೋಡಿ ಜೋಡಿಯಾಗಿ ಕುಣಿಯುವವರು. ಆ ಜಾಝ್‌ನ ನಡೆ ಅವನ ಕಿವಿಗೆ ಓದುವ ಪದ್ಯದಂತೆ ಕೇಳುತ್ತಿತ್ತು: ಒಂದು ಗುರು, ಒಂದು ಲಘು; ಒಂದನ್ನು ಎಳೆದು ಕೂರಿಸುವುದು, ಮುಂದಿನದನ್ನು ಚಿಟಿಕೆಯಷ್ಟರಲ್ಲಿ ಹಾರಿಸುವುದು. ಡ್ರಮ್ಮಿನವನು ಹಿತ್ತಾಳೆ ತಟ್ಟೆಯ ಮೇಲೆ ಅದನ್ನೇ ಜಪ ಮಾಡುತ್ತಿದ್ದ. ಆಳೆತ್ತರದ ಪಿಟೀಲು ಕೆಳಗೆ ನಾಲ್ಕು ಹೆಜ್ಜೆ ಸಮನಾಗಿ ನಡೆಯುತ್ತಿತ್ತು. ಟ್ರಂಪೆಟ್ ಕರೆದರೆ ಕ್ಲಾರಿನೆಟ್ ಓಗೊಡುತ್ತಿತ್ತು.

ನೋಡಬೇಕೆಂದರೆ ಮಾಲೀಕರ ಕಾವಲು. “ಗಿರಾಕಿ ಕತ್ತಿನ ಮೇಲೆ ಕತ್ತಿ ಇದ್ದಾಗ ನಿನ್ನ ಮುಖ ಬೀದಿಗೆ ತಿರುಗಿತೋ, ಕೆಲಸವೂ ಇಲ್ಲ, ನನ್ನ ಮಗಳೂ ಇಲ್ಲ” ಎಂದಿದ್ದರು. ಅವನಿಗೆ ಗೊತ್ತು ಮಾಡಿದ್ದ ಆ ಮಾಲೀಕರ ಮಗಳು ಬಿಸಿ ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದಳು. ಹಾಗಾಗಿ ಇಬ್ಬರೂ ಬೀದಿಯತ್ತ ತಿರುಗದೆ, ಎದುರಿನ ಕನ್ನಡಿಯಲ್ಲಿ ಬೀಳುವ ಹಾಲ್ ನೋಡಿ ನೋಡಿ ಕುಣಿತ ಕಲಿತರು. ಅಂಗಡಿ ಮುಚ್ಚಿದ ಸೋಮವಾರಗಳಲ್ಲಿ, ಗುಡಿಸಿದ ನೆಲದ ಮೇಲೆ, ಬಾಯಲ್ಲೇ ಟ್ರಂಪೆಟ್ ಊದಿಕೊಂಡು ಅಭ್ಯಾಸ.

ಮದುವೆಯಾದ ಮೇಲೆ ಮೊದಲ ಸಲ ಹಾಲ್ ಹೊಕ್ಕರೆ ಫಜೀತಿ. ಕನ್ನಡಿ ಎಲ್ಲವನ್ನೂ ಅದಲು ಬದಲು ಮಾಡಿಟ್ಟಿತ್ತು. ಉಳಿದ ಗಂಡಸರು ಎಡಗೈಯಲ್ಲಿ ಹೆಣ್ಣಿನ ಬಲಗೈ ಹಿಡಿದರೆ ಇವನು ಬಲಗೈಯಲ್ಲಿ ಅವಳ ಎಡಗೈ ಹಿಡಿಯುತ್ತಿದ್ದ. ಎಲ್ಲರೂ ಒಂದು ಕಡೆ ಬೀಸಿದರೆ ಇವರು ಇನ್ನೊಂದು ಕಡೆ. ಮೂರು ಜೋಡಿಗೆ ಡಿಕ್ಕಿ. ಟ್ರಂಪೆಟ್‌ನವನು ಊದುವುದು ಬಿಟ್ಟು, “ಉಲ್ಟಾ ಗಂಡ ಹೆಂಡ್ತಿ ಬಂದ್ರು, ಜಾಗ ಬಿಡ್ರಪ್ಪೋ!” ಎಂದು ಕೂಗಿದ್ದ.

ತಿದ್ದಿಕೊಳ್ಳೋಣ ಎಂದಾಗ ಹೆಂಡತಿ ಒಪ್ಪಲಿಲ್ಲ. “ಎಲ್ಲರ ಹಾಗೆ ಕುಣಿದ್ರೆ ನಿಮ್ಮನ್ನ ಯಾವಳಾದ್ರೂ ಎಳ್ಕೊಂಡು ಹೋಗ್ತಾಳೆ. ಹೀಗೇ ಇರ್ಲಿ.”

ಹಾಗೇ ನಲವತ್ತೇಳು ವರ್ಷ.

ಈಗ ಹಾಲ್‌ನ ಬೆಂಚಿನ ತುದಿಯಲ್ಲಿ ತಾತ ಕಣ್ಣು ಮುಚ್ಚಿ, ಪಾರಾಯಣಕ್ಕೆ ಕೂತವನಂತೆ ಕೂತಿದ್ದ. ಐದೇ ಜನರ ಬ್ಯಾಂಡ್. ಆದರೂ ಗುರು ಗುರುವಾಗಿಯೇ ಇತ್ತು, ಲಘು ಲಘುವಾಗಿಯೇ ಹಾರುತ್ತಿತ್ತು. ಟೀಚರಮ್ಮ ಬಂದು ಕೈ ಚಾಚಿದಳು. ತಿಂಗಳಿಗೊಮ್ಮೆ ಅವನ ಹತ್ತಿರವೇ ಕೂದಲು ಕತ್ತರಿಸಿಕೊಳ್ಳುವ ಹುಡುಗಿ, ಇಲ್ಲವೆನ್ನಲಾಗಲಿಲ್ಲ.

ಎರಡನೇ ಹೆಜ್ಜೆಗೇ ಅವಳ ಕಾಲ್ಬೆರಳು ಅವನ ಬೂಟಿನಡಿ ಸಿಕ್ಕಿತು.

“ಅಯ್ಯೋ ತಾತ, ನೀವು ಹಿಡಿದಿರೋದೇ ಉಲ್ಟಾ! ಒಂದು ವಾರ ಕೊಡಿ, ಸರಿ ಮಾಡ್ತೀನಿ. ಆಮೇಲೆ ಯಾರ ಜೊತೆ ಬೇಕಾದ್ರೂ ಕುಣೀಬಹುದು.”

ಅವಳು ಅವನ ಕೈಗಳನ್ನು ಬದಲಿಸಿಟ್ಟಳು. ತಾತನಿಗೂ ಆಸೆಯಾಯಿತು. ಮೂರು ವರ್ಷದ ಹಸಿವು, ಸುಳ್ಳು ಯಾಕೆ. ಮೊದಲ ಸುತ್ತು ಎಡವಟ್ಟು. ಎರಡನೆಯದು ಪರವಾಗಿಲ್ಲ. ಮೂರನೆಯದರಲ್ಲಿ ಕಾಲು ತಾನಾಗಿಯೇ ಹೊಸ ದಾರಿ ಹಿಡಿಯಿತು. ಅವಳು ಗಾಳಿಪಟದಂತೆ ಹೋಗಿ ಗಾಳಿಪಟದಂತೆ ಮರಳಿದಳು. ಬೆಂಚಿನವರು ಚಪ್ಪಾಳೆ ತಟ್ಟಿದರು.

ಆ ಖುಷಿಯಲ್ಲೇ ಅವನು ಹೆಂಡತಿಯನ್ನು ನೆನೆದ. ಹೀಗೆ ಬೀಸಿ ಕಳಿಸಿದಾಗ ಅವಳು ಅವನ ಯಾವ ಅಂಗೈಗೆ ಮರಳುತ್ತಿದ್ದಳು? ಬಲವೋ? ಎಡವೋ? ಕೈ ಉತ್ತರ ಕೊಡಲಿಲ್ಲ. ಒಂದು ಕ್ಷಣ ಅಷ್ಟೆ. ಆದರೂ ಹಾಡಿನ ನಡುವೆಯೇ ನಿಂತುಬಿಟ್ಟ.

“ಸಾಕಮ್ಮ.”

“ಸುಸ್ತಾಯ್ತಾ?”

“ಇಲ್ಲ. ಇದು ಬೇಗ ಬಂದುಬಿಡ್ತಿದೆ. ಇದು ಬಂದ್ರೆ ಅದು ಹೋಗುತ್ತೆ. ಫೋಟೋ ಗೋಡೇಲಿದೆ, ಸೀರೆ ಪೆಟ್ಟಿಗೇಲಿದೆ. ಅವಳ ಕೈ ಮಾತ್ರ ಈ ಕೈಲಿದೆ. ಇದನ್ನ ತಿದ್ದಬೇಡ, ಮಗಳೇ.”

ಅವಳು ಅವನ ಕೈ ಬಿಟ್ಟಳು. ತಾತ ಬಾಗಿಲ ಕಡೆ ನಡೆದ. ಹೊಸ್ತಿಲಲ್ಲಿ ಅವಳು ಓಡಿ ಬಂದು ಅಡ್ಡ ನಿಂತು, ಈ ಸಲ ಎಡಗೈ ಚಾಚಿದಳು.

“ನೀವು ಬದಲಾಗೋದು ಬೇಡ. ನಾನೇ ಉಲ್ಟಾ ಕಲೀತೀನಿ.”

“ಹುಚ್ಚು ಹುಡುಗಿ, ಬಂದಿರೋ ವಿದ್ಯೆ ಕೆಡಿಸ್ಕೋತೀಯಾ?”

“ತಲೇನೇ ನಿಮ್ಮ ಕೈಗೆ ಕೊಟ್ಟು ಕೂತಿರ್ತೀನಿ. ಕಾಲು ಕೊಡೋದೇನು ಮಹಾ!”

ತಾತನ ಬಲಗೈ ಮೆಲ್ಲಗೆ ಮೇಲೆದ್ದಿತು. ಎಡಗೈ ಅವಳ ಬೆನ್ನಿಗೆ ಹೋಯಿತು.

ಕ್ಲಾರಿನೆಟ್ ಓಗೊಟ್ಟಿತು. ಅವಳು ತಪ್ಪಿದಳು, ತುಳಿದಳು, ಪಕ್ಕದ ಜೋಡಿಯ ಮೇಲೆ ಹೋಗಿ ಬಿದ್ದಳು. “ಆ ಕಡೆ ಅಲ್ಲ ಮಾರಾಯ್ತಿ, ಈ ಕಡೆ! ಎಳೆದು ಕೂರಬೇಕು, ಆಮೇಲೆ ಹಾರಬೇಕು!” ಎಂದು ತಾತ ಬ್ಯಾಂಡನ್ನೂ ಮೀರಿಸಿ ಗದರುತ್ತಿದ್ದ. ಬೂಟಿನ ಪಾಲಿಶ್ ಎಲ್ಲ ಅವಳ ತುಳಿತಕ್ಕೆ ಹಾಳಾಗಿತ್ತು.