ಹಿಂದಕ್ಕೆ ನಡೀರಿ

ನಮ್ಮ ಶೆಡ್ಡಿನ ಬಾಗಿಲಲ್ಲಿ ಒಂದು ಬೆಲ್ಲದ ಡಬ್ಬಿ ಇದೆ. ವೆಲ್ಡಿಂಗ್‌ಗೆ ಕೂರುವ ಮುಂಚೆ ಒಂದು ಚೂರು, ಎದ್ದ ಮೇಲೆ ಒಂದು ಚೂರು. ಬೆಲ್ಲ ತಿಂದರೆ ಎದೆಯಲ್ಲಿ ಕೂತ ಹೊಗೆ ಇಳಿದುಹೋಗುತ್ತದೆ ಅಂತ ನಮ್ಮ ಸಾಲಿನ ವೆಲ್ಡರ್‌ಗಳೆಲ್ಲ ನಂಬಿದ್ದೆವು. ಕಂಪ್ಲಿ ಬೆಲ್ಲವೇ ಬೇಕು ಅಂತ ನಾನು ಮಾಲೀಕ ಹಂಪಯ್ಯನ ಜೊತೆ ಜಗಳ ಬೇರೆ ಆಡಿದ್ದೆ. ಎಂಥ ದಡ್ಡ ನೋಡಿ!

ಸಂಡೂರಿನ ಗಣಿ ಯಂತ್ರಗಳ, ಅದಿರು ತೋಡುವ ಬಕೆಟ್ಟಿನ ಹಲ್ಲು ಸವೆದರೆ ಹೊಸಪೇಟೆಗೆ, ನಮ್ಮಲ್ಲಿಗೆ ಬರುತ್ತವೆ. ಮ್ಯಾಂಗನೀಸ್ ರಾಡ್ ಸುಟ್ಟು ಅವಕ್ಕೆ ಮತ್ತೆ ಲೋಹ ತುಂಬುವುದು ನಮ್ಮ ಕೆಲಸ. ರಸ್ತೆಯ ಕೆಂಪು ಧೂಳು ಬೆಸುಗೆಗೆ ಬೀಳಬಾರದೆಂದು ಶಟರ್ ಎಳೆದುಕೊಳ್ಳುತ್ತೇವೆ. ಧೂಳು ಹೊರಗೆ, ಹೊಗೆ ನಮ್ಮ ಜೊತೆ ಒಳಗೆ.

ನನ್ನ ಜೋಡಿ ವೆಲ್ಡರ್ ಉಚ್ಚೆಂಗೆಪ್ಪ ಈಚೆಗೆ ಹಿಮ್ಮಡಿ ಎತ್ತಿ ಹುಂಜದಂತೆ ನಡೆಯತೊಡಗಿದ್ದ. ನನಗೆ ಮೈ ಉರಿಯಿತು.

"ಮುಂಜಾನೆನಽ ಹಾಕ್ಕೊಂಡು ಬಂದೀಯೇನ್ಲೇ?"

"ನಿನ್ನಾಣೆ ಇಲ್ಲೋ ಕೊಟ್ರಯ್ಯ. ಕಾಲು ನನ್ನ ಮಾತು ಕೇಳವಲ್ವು."

ಅವನ ತಾಯಿ ತೀರಿಕೊಂಡಾಗ, ಮಣ್ಣು ಕೊಡುವ ಹೊತ್ತಿನಲ್ಲಿ ಈ ಪುಣ್ಯಾತ್ಮ ಹಲ್ಲು ಕಿಸಿದು ನಕ್ಕ. ಬಂಧುಗಳು ಬೈದರು. ನಾನಂತೂ ಹೊಡೆಯಲು ಕೈ ಎತ್ತಿದ್ದೆ. ಹತ್ತಿರ ಹೋದರೆ ಅವನ ಕಣ್ಣಲ್ಲಿ ಧಾರಾಕಾರ ನೀರು. "ಒಳಗ ಅಳು ಐತಿ, ಬಾಯಾಗ ನಗು ಬರಾಕತ್ತೈತಿ, ನಾನೇನ್ ಮಾಡ್ಲೋ?" ಅಂದ. ಎತ್ತಿದ ಕೈ ಹಾಗೇ ಇಳಿಯಿತು. ನಾನೇ ಅವನನ್ನು ಬಳ್ಳಾರಿಗೆ ಕರೆದುಕೊಂಡು ಹೋದೆ.

ನರರೋಗದ ಡಾಕ್ಟರ್ ಅಪೇಕ್ಷಾ ಅವನ ಹಿಂದೆ ನಿಂತು, "ಎಳೀತೀನಿ, ಬೀಳದಂಗ ನಿಂತ್ಕೊಳ್ರಿ" ಎಂದು ಭುಜ ಮೆಲ್ಲಗೆ ಎಳೆದರು. ಅವನು ನೆಟ್ಟಗೆ ನಿಲ್ಲಿಸಿದ ಮೂಟೆಯ ಹಾಗೆ ಹಿಂದಕ್ಕೆ ಉರುಳಿದ. ನಾನು ಹಿಡಿದುಕೊಂಡೆ. "ಹಿಂದಕ್ಕೆ ನಡೀರಿ ನೋಡೋಣ" ಅಂದರು. ಅವನ ಕೈಲಿ ಆಗಲಿಲ್ಲ.

"ಮ್ಯಾಂಗನೀಸ್ ಹೊಗೆ ಮಿದುಳಿಗೆ ಹೋಗೇತಿ. ನಡಿಗಿ, ಕೈ, ನಗು, ಅಳು, ಯಾವುದೂ ಹಿಡಿತಕ್ಕ ಸಿಗಂಗಿಲ್ಲ."

"ನಾವು ದಿನಾ ಬೆಲ್ಲ ತಿಂತೀವಲ್ರಿ ಮೇಡಂ?"

"ಬೆಲ್ಲ ಹೊಟ್ಟಿಗೆ ಹೋಗ್ತೈತ್ರಿ. ಹೊಗೆ ಹೊಟ್ಟಿಗೆ ಹೋಗಿಲ್ಲ."

"ವಾಸಿ ಆಗ್ತೈತಲ್ರಿ?"

"ಹೊಗೆ ಬಿಟ್ರ ಅಲ್ಲಿಗೇ ನಿಲ್ಲಬಹುದು. ಪೂರ್ತಿ ಹೋಗ್ತೈತಿ ಅನ್ನಲಾರೆ." ಆಮೇಲೆ ನನ್ನ ಕಡೆ ತಿರುಗಿದರು. "ನೀವೂ ಅದೇ ಶೆಡ್ಡೇನ್ರಿ?"

"ನಂಗೇನಾಗೇತ್ರಿ? ಗುಂಡುಕಲ್ಲಿದ್ದಂಗ ಅದೀನಿ!" ಎಂದು ರೇಗಿ ಹೊರಗೆ ಬಂದುಬಿಟ್ಟೆ. ನನಗೆ ಭಯವಾಗಿತ್ತು, ವಿಪರೀತ ಭಯ. ಬಸ್ಸಿನಲ್ಲಿ ಊರು ಮುಟ್ಟುವ ತನಕ ನನ್ನ ಬೆರಳುಗಳನ್ನೇ ನೋಡುತ್ತ ಕೂತೆ.

ಮನೆಯಲ್ಲಿ ಹೆಂಡತಿ ರೇಣುಕಾದೇವಿ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಆಸ್ಪತ್ರೆಯಲ್ಲಿ ಆದದ್ದನ್ನೆಲ್ಲ ಹೇಳಿದೆ.

"ನನ್ನ ಹಿಂದ ನಿಂತು ಭುಜ ಹಿಡಿದು ಎಳಿ."

"ನಿಮಗೆಲ್ಲಿ ಹುಚ್ಚು ಹಿಡೀತ್ರೀ?" ಎಂದು ನಗುತ್ತಲೇ ಎದ್ದಳು. "ನೀವೇನು ಉಚ್ಚೆಂಗೆಪ್ಪಣ್ಣ ಏನು?"

"ಎಳಿಯೇ ಅಂದ್ರ!"

ಎಳೆದಳು. ಜೋರಾಗೇನೂ ಅಲ್ಲ. ಕಾಲು ಹಿಂದಕ್ಕೆ ಹೋಗಬೇಕು ಅಂತ ನನಗೆ ಗೊತ್ತಿತ್ತು. ಹೋಗು ಅಂದೆ. ಅದು ಹೋಗಲಿಲ್ಲ. ಅವಳನ್ನೂ ಕೆಡವಿಕೊಂಡು ಮೊರದ ಮೇಲೆ ಬಿದ್ದೆ, ಅಂಗಳದ ತುಂಬ ಅಕ್ಕಿ ಚೆಲ್ಲಿತು.

"ಅಯ್ಯೋ ಶಿವನೇ!" ರೇಣುಕಾ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಗಳಗಳ ಅತ್ತಳು. "ಇನ್ನ ಆ ಶೆಡ್ಡಿಗೆ ಹೋಗಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ್ರಿ..."

ಹೋಗಂಗಿಲ್ಲ ಬಿಡೇ ಅನ್ನಬೇಕು ಅಂತ ಬಾಯಿ ತೆರೆದೆ. ಅವಳ ಅಳು ಗಕ್ಕನೆ ನಿಂತಿತು. ನನ್ನ ಮುಖವನ್ನೇ ನೋಡಿ ಹಿಂದೆ ಸರಿದಳು.

"ಯಾಕ್ರಿ? ಯಾಕ ನಗಾಕತ್ತೀರಿ?"

ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ನಗು ನಿಲ್ಲಲಿಲ್ಲ.